ಕಿಟಕಿ ಗಾಜಿನ ಮೇಲಿನ ಇನ್ನೂರ ಹನ್ನೆರಡು

ಅಂಗಡಿಯ ಪರೀಕ್ಷೆ ಕೋಣೆಯಿಂದ
ಮಾರ್ಚ್ ೯, ಸೋಮವಾರ, ಮಧ್ಯಾಹ್ನ

ಹಿಂದಿನ ಕೋಣೆಯವರಿಗೆ ಮುಂದಿನ ಕೋಣೆಯವಳು ಮಾಡುವ ನಮಸ್ಕಾರ.

ಎರಡು ವರ್ಷದಿಂದ ಒಂದು ಸಾಲು ಬರೆಯದವಳು ಇವತ್ತೇನು ಬರೆದಿದ್ದಾಳೆ ಅಂತ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿರುತ್ತೀರಿ. ನೋಡಿ ಆಗಿದ್ದರೆ ಕೂತುಕೊಂಡು ಓದಿ. ಓದುವ ಕನ್ನಡಕ ಹಾಕಿಕೊಳ್ಳಿ. ಅದರ ನಂಬರ್ ಈಗ ನಿಮಗೆ ಸಾಲದು ಅಂತ ನನಗೆ ಗೊತ್ತು, ಅದಕ್ಕೇ ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾವು ಷೇರು ಕೊಂಡಿದ್ದ ಗಾಜಿನ ಕಂಪನಿ ಮುಚ್ಚಿತು. ಹೋದ ಮಂಗಳವಾರ ಇಬ್ಬರ ಹೆಸರಿಗೂ ಸೇರಿ ಒಂದೇ ರಿಜಿಸ್ಟರ್ ಕಾಗದ ಅಂಗಡಿಯ ವಿಳಾಸಕ್ಕೆ ಬಂತು. ಸಾಲ ಕೊಟ್ಟವರಿಗೆಲ್ಲ ಹಂಚಿದ ಮೇಲೆ ಷೇರು ಇಟ್ಟುಕೊಂಡವರಿಗೆ ಕೊಡಲು ಏನೂ ಉಳಿಯುವುದಿಲ್ಲವಂತೆ. ಇನ್ನು ಆ ಷೇರನ್ನು ಯಾರೂ ಕೊಳ್ಳುವಂತಿಲ್ಲ, ಯಾರೂ ಮಾರುವಂತಿಲ್ಲ. ನನಗೆ ನಂಬಿಕೆ ಬಾರದೆ ಷೇರು ಆಫೀಸಿಗೇ ಹೋಗಿ ಗುಮಾಸ್ತರನ್ನು ಎರಡೆರಡು ಸಲ ಕೇಳಿಕೊಂಡು ಬಂದೆ.

ನೀವು ಹೊರಟ ದಿನ ಬಟ್ಟೆ ತುಂಬಿದ ನೀಲಿ ಬ್ಯಾಗ್ ಹಿಡಿದು ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಅಸಲು ಬಂದ ದಿನ ಮನೆಗೆ ಬರ್ತೀನಿ ಅಂದಿದ್ದಿರಿ. ಈಗ ಅಸಲು ಬರುವುದಿಲ್ಲ. ಹಾಗಾದರೆ ನೀವು ಯಾವಾಗ ಬರುತ್ತೀರಿ ಅಂತ ಕೇಳಲಿಕ್ಕೆ ಈ ಕಾಗದ. ಆದರೆ ಅದನ್ನು ಕೇಳುವ ಮೊದಲು ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಅದಕ್ಕೆ ಇನ್ನೂ ಬಾಯಿ ಬರುತ್ತಿಲ್ಲ. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಸಹಿಸಿಕೊಳ್ಳಿ. ಸಹಿಸಿಕೊಂಡು ನಿಮಗೆ ಅಭ್ಯಾಸವಿದೆ.

ಅಂಗಡಿ ನಡೆಯುತ್ತಿದೆ. ಕನ್ನಡಕಕ್ಕೆ ಗಾಜು ಕೂರಿಸುವ ಕೆಲಸವನ್ನು ಹಿಂದಿನ ಬೀದಿಯ ವರ್ಕ್‌ಶಾಪಿಗೆ ಕೊಡುತ್ತಿದ್ದೇನೆ. ಅವರು ಸಾಣೆ ಹಿಡಿದರೆ ಅಂಚು ಇಲಿ ಕಡಿದ ಹಾಗಿರುತ್ತದೆ. ಗಿರಾಕಿಗಳು ಬೆರಳಲ್ಲಿ ಸವರಿ ನೋಡಿ, ಹಿಂದೆ ಕೂರುತ್ತಿದ್ದ ಯಜಮಾನರು ಎಲ್ಲಿ ಅಂತ ಕೇಳುತ್ತಾರೆ. ಊರಿಗೆ ಹೋಗಿದ್ದಾರೆ ಅನ್ನುತ್ತೇನೆ. ಎರಡು ವರ್ಷದಿಂದ ನೀವು ಊರಿಗೇ ಹೋಗಿದ್ದೀರಿ. ಯಾವ ಊರು ಅಂತ ಇನ್ನೂ ಯಾರೂ ಕೇಳಿಲ್ಲ, ಕೇಳಿದರೆ ನಿಮ್ಮ ಅಕ್ಕನ ಮನೆಯ ಮಹಡಿ ಅಂತ ಹೇಳಲಾಗುತ್ತದೆಯೇ?

ರಿಟೈರ್ ಆದ ಪೋಸ್ಟ್ ಮಾಸ್ಟರ್ ಮೊನ್ನೆ ಬಂದಿದ್ದರು. ಕುರ್ಚಿಯಲ್ಲಿ ಕೂತ ಕೂಡಲೇ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನ ತನಕ ಗಡಗಡ ಓದಿದರು. ನನಗೆ ಅನುಮಾನ ಬಂದು ಬೇರೆ ಹಲಗೆ ನೇತು ಹಾಕಿದೆ. ಅದರಲ್ಲೂ ಅದೇ ಅಕ್ಷರಗಳನ್ನು ಓದಿದರು. ಪಾಪ, ಹೋದ ವರ್ಷವೇ ಬಾಯಿಪಾಠ ಮಾಡಿಕೊಂಡು ಹೋಗಿದ್ದರು. ಕಣ್ಣು ಪರೀಕ್ಷೆಗೆ ಬರುವವರು ಕಾಣಿಸದ್ದನ್ನು ಹೇಳಲಿಕ್ಕೆ ಬರಬೇಕು, ಆದರೆ ಎಲ್ಲರೂ ಪಾಸಾಗಲಿಕ್ಕೆ ಬರುತ್ತಾರೆ. ಅವರನ್ನು ನೋಡಿ ನಗು ಬಂತು. ಆಮೇಲೆ ನಗು ನಿಂತುಹೋಯಿತು.

ಯಾಕೆಂದರೆ ನಾನು ಎರಡು ವರ್ಷದಿಂದ ಎಲ್ಲರಿಗೂ ಒಂದು ಕಥೆ ಬಾಯಿಪಾಠ ಒಪ್ಪಿಸುತ್ತಿದ್ದೇನೆ. ನಮ್ಮ ಯಜಮಾನರು ಯಾರದೋ ಮಾತು ಕೇಳಿ ಷೇರು ಕೊಂಡರು, ನಾನು ಬೇಡ ಅಂದೆ, ಕೇಳಲಿಲ್ಲ ಅಂತ. ನಿಮ್ಮ ಅಕ್ಕನಿಗೂ ಹಾಗೇ ಹೇಳಿದ್ದೇನೆ. ಹೇಳಿ ಹೇಳಿ ನನಗೇ ಅದು ನಿಜ ಅನ್ನಿಸಿಬಿಟ್ಟಿತ್ತು. ನಡೆದದ್ದು ಬೇರೆ. ಫ್ರೇಮ್ ಮಾರುವ ಏಜೆಂಟ್ ಬಂದು ಆ ಕಂಪನಿಯ ಸುದ್ದಿ ಹೇಳಿದಾಗ ನೀವು ಸುಮ್ಮನಿದ್ದಿರಿ. ಹಿಂದಿನ ಕೋಣೆಯಿಂದ ಅವರದೇ ಒಂದು ಗಾಜು ತಂದು ಟ್ಯೂಬ್‌ಲೈಟಿಗೆ ಹಿಡಿದವಳು ನಾನು. ಒಂದು ಗುಳ್ಳೆಯಿಲ್ಲ, ಒಂದು ಗೆರೆಯಿಲ್ಲ, ಇಷ್ಟು ಚೆನ್ನಾಗಿ ಗಾಜು ಮಾಡುವವರು ಮುಳುಗ್ತಾರಾ ಅಂದವಳೂ ನಾನು. ವರ್ಷಗಟ್ಟಲೆ ಆ ಗಾಜು ನಿಮ್ಮ ಕೈಯಿಂದ ನನ್ನ ಕೈಗೆ ಬಂದಿತ್ತು. ನಮಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು ಅಂತ ಇಬ್ಬರಿಗೂ ಗರ್ವ. ಸಾಣೆ ಹಿಡಿದು ಬಿದ್ದ ನಿಮ್ಮ ಬೆರಳಿನ ಬಿರುಕು ವಾಸಿಯಾಗಲಿ ಅಂತ, ಗಾಜನ್ನು ತಾನೇ ಕತ್ತರಿಸುವ ಮೆಷಿನ್ ಕೊಳ್ಳಲು ಆರು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟದ್ದನ್ನು ಒಂದೇ ಮಧ್ಯಾಹ್ನ ಇಬ್ಬರ ಹೆಸರಿನಲ್ಲಿ ಹಾಕಿ ಬಂದೆವು. ಷೇರೊಂದಕ್ಕೆ ಇನ್ನೂರ ಹನ್ನೆರಡು. ಸಂಜೆ ನೀವು ಗಾಜಿಗೆ ಗುರುತು ಹಾಕುವ ಕೆಂಪು ಪೆನ್ನಿನಿಂದ ಹಿಂದಿನ ಕೋಣೆಯ ಕಿಟಕಿಯ ಮೂಲೆಯಲ್ಲಿ ೨೧೨ ಅಂತ ಬರೆದಿರಿ.

ಅದು ಇನ್ನೂರ ನಲವತ್ತಕ್ಕೆ ಏರಿದಾಗ ಮಾರಬಹುದಿತ್ತು. ಯಾರೂ ಮಾರುವ ಮಾತೆತ್ತಲಿಲ್ಲ. ನಾನು ಆಗಲೇ ಮೆಷಿನ್‌ಗೆ ಜಾಗ ಅಂತ ನಿಮ್ಮ ಸ್ಟೂಲನ್ನು ಅತ್ತ ಸರಿಸಿ, ಮೆಷಿನ್ ಮೇಲೆ ಹೊದಿಸಲು ಬಟ್ಟೆಯನ್ನೂ ಹೊಲಿಸಿ ಇಟ್ಟಿದ್ದೆ. ಆಮೇಲೆ ಇಳಿಯಲು ಶುರುವಾಯಿತು. ನೂರೆಂಬತ್ತಕ್ಕೆ ಬಂದಾಗ ನಾನು ಮಾರಿಬಿಡಿ ಅಂದೆ. ನೀವು ಸಾಣೆಯಿಂದ ತಲೆ ಎತ್ತದೆ, ಮಾರೋ ತನಕ ಅದು ನಷ್ಟ ಅಲ್ಲ ಕಣೇ ಅಂದಿರಿ. ನೂರೈವತ್ತಕ್ಕೂ ಅದೇ ಮಾತು. ತೊಂಬತ್ತಕ್ಕೂ ಅದೇ ಮಾತು. ಏಜೆಂಟನೂ ಹಿಡಿದುಕೊಂಡಿದ್ದಾನೆ, ಷೇರು ಆಫೀಸಿನ ಬೆಂಚಿನ ಮೇಲೆ ಕೂರುವವರೆಲ್ಲ ಹಿಡಿದುಕೊಂಡಿದ್ದಾರೆ, ಅಷ್ಟು ಜನ ದಡ್ಡರೇ ಅಂತ ಕೇಳಿದಿರಿ. ಅಗ್ಗವಾಗಿದೆ, ಇನ್ನಷ್ಟು ಕೊಳ್ಳೋಣ ಅಂತಲೂ ಅಂದಿರಿ. ಆವತ್ತು ಪಾಸ್‌ಬುಕ್ಕು ಕಳೆದುಹೋಯಿತಲ್ಲ, ಅದು ಕಳೆದಿರಲಿಲ್ಲ. ಅಕ್ಷರದ ಹಲಗೆಯ ಹಿಂದೆ ಸಿಕ್ಕಿಸಿಟ್ಟಿದ್ದೆ. ಇದು ಒಪ್ಪಿಕೊಳ್ಳಬೇಕಾದ ವಿಷಯ ಅಲ್ಲ. ಇದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ.

ಪಶ್ಚಾತ್ತಾಪ ಇರುವುದು ಶಾಲೆಯ ಟೀಚರ್ ಬಂದ ದಿನದ ಬಗ್ಗೆ. ಅವರ ಕಣ್ಣ ಮುಂದೆ ಗಾಜು ಬದಲಾಯಿಸುತ್ತಾ, ಹಿಂದೆ ನಿಮಗೆ ಕೇಳಿಸಲಿ ಅಂತಲೇ ದನಿ ಏರಿಸಿ, ನಮ್ಮ ಮನೆಯಲ್ಲೇ ಒಬ್ಬರಿಗೆ ಯಾವ ನಂಬರ್ ಹಾಕಿದ್ರೂ ಕಾಣಿಸಲ್ಲ ಟೀಚರ್ ಅಂದೆ. ಅವರು ನಕ್ಕರು. ಸಾಣೆಯ ಸದ್ದು ನಿಂತಿತು. ನೀವು ಕೈ ತೊಳೆದುಕೊಂಡಿರಿ, ಟವೆಲ್‌ನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಿರಿ, ಹೊರಟಿರಿ. ಅರ್ಧ ಉಜ್ಜಿದ ಗಾಜು ಹಾಗೇ ಮೇಜಿನ ಮೇಲಿತ್ತು. ಟೀಚರ್‌ಗೆ ಬೇರೆ ಕಡೆಯಿಂದ ಮಾಡಿಸಿ ಕೊಟ್ಟೆ. ಆ ಅರ್ಧ ಉಜ್ಜಿದ್ದನ್ನು ಮಾತ್ರ ಎಸೆದಿಲ್ಲ.

ನೀವು ಹೋದ ಮೇಲೆ ನನಗೊಂದು ಚಾಳಿ ಅಂಟಿತು. ಬೆಳಿಗ್ಗೆ ಶಟರ್ ಎತ್ತುವ ಮೊದಲು ಪೇಪರಿನ ಷೇರು ಪುಟ ತೆಗೆದು ಬೆರಳಿಟ್ಟು ಹುಡುಕುತ್ತಿದ್ದೆ. ನಿಮ್ಮನ್ನು ಅಷ್ಟು ಆಡಿಕೊಂಡವಳು ನಾನು. ನೂರ ಹತ್ತು ಆದರೆ ಆ ದಿನ ಗಿರಾಕಿಗಳೊಂದಿಗೆ ಮಾತು ಜಾಸ್ತಿ, ನೂರ ಐದು ಆದರೆ ವರ್ಕ್‌ಶಾಪಿನವರಿಗೆ ಬೈಗುಳ. ಅಂಗಡಿಯ ಎಲ್ಲ ಗಾಜು ಒರೆಸುತ್ತಿದ್ದೆ, ಆ ಕಿಟಕಿಯ ಮೂಲೆಯೊಂದನ್ನು ಬಿಟ್ಟು.

ಈಗ ಒಪ್ಪಿಕೊಳ್ಳಬೇಕಾದ ಆ ಗುರುವಾರಕ್ಕೆ ಬಂದೆ. ನೀವು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಯಾವುದೋ ದೊಡ್ಡ ಆರ್ಡರ್ ಸಿಕ್ಕಿತು ಅನ್ನುವ ಸುದ್ದಿಗೆ ಷೇರು ಎರಡು ವಾರದಿಂದ ಏರುತ್ತಲೇ ಇತ್ತು. ಹನ್ನೊಂದು ಗಂಟೆಗೆ ಅಂಗಡಿಯ ಫೋನ್ ಬಡಿದುಕೊಂಡಿತು. ಷೇರು ಆಫೀಸಿನ ಒಳಕೋಣೆಯಿಂದ ಗುಮಾಸ್ತರು. ಇನ್ನೂರ ಹದಿನಾಲ್ಕು ನಡೀತಿದೆ, ಯಜಮಾನರು ಬಂದು ಮಾರುವ ಫಾರಂಗೆ ಸಹಿ ಹಾಕಿದ್ದಾರೆ, ಜಂಟಿ ಹೆಸರಾದ್ದರಿಂದ ನಿಮ್ಮದೂ ಬೇಕು, ಹ್ಞೂಂ ಅಂದ್ರೆ ಹತ್ತು ನಿಮಿಷದಲ್ಲಿ ನಾನೇ ಸ್ಕೂಟರ್‌ನಲ್ಲಿ ತರ್ತೀನಿ ಅಂದರು.

ಆಮೇಲೆ ಅವರು ನಿಮಗೆ ಏನು ಹೇಳಿದರು ಅಂತ ನನಗೆ ಗೊತ್ತು. ಅಂಗಡಿಯಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ ಅಂದರು. ಹಾಗೆ ಹೇಳಿ ಅಂತ ಅವರ ಕೈಯಲ್ಲಿ ಸುಳ್ಳು ಹೇಳಿಸಿದವಳು ನಾನು. ಫೋನ್ ಎತ್ತಿದ್ದೆ. ಎಲ್ಲ ಕೇಳಿಸಿಕೊಂಡಿದ್ದೆ. ಈಗ ಬೇಡ ಅಂದೆ.

ಯಾಕೆ ಅಂದರೆ ದುರಾಸೆ. ನಿನ್ನೆ ಇನ್ನೂರ ಐದು, ಇವತ್ತು ಇನ್ನೂರ ಹದಿನಾಲ್ಕು, ಬರುವ ವಾರ ಇನ್ನೂರ ಐವತ್ತು ಯಾಕಾಗಬಾರದು ಅಂತ ತಲೆಯಲ್ಲಿ ಓಡಿತು. ಇಷ್ಟು ದಿನ ಉರಿದ ಹೊಟ್ಟೆಗೆ ಬರೀ ಅಸಲು ಸಾಕೇ ಅನ್ನಿಸಿತು. ನೀವು ಇನ್ನೂರ ಹದಿನಾಲ್ಕಕ್ಕೆ ಮಾರಲು ಹೊರಟಾಗ ನಾನು ತಡೆದು ಇನ್ನೂರ ಐವತ್ತಕ್ಕೆ ಮಾರಿಸಿದೆ ಅಂತ ಜೀವಮಾನವಿಡೀ ಹೇಳಿಕೊಳ್ಳಬಹುದಲ್ಲ ಅನ್ನುವ ಆಸೆ ಬೇರೆ. ಇಳಿಯುವಾಗ ಮಾರಿ ಅಂದ ಬಾಯಿ, ಏರುವಾಗ ತಡೀರಿ ಅಂದಿತು. ಮರುದಿನ ನೂರ ತೊಂಬತ್ತು. ಸೋಮವಾರ ನೂರ ಅರವತ್ತು. ಆರ್ಡರ್ ಸಿಕ್ಕಿಯೇ ಇರಲಿಲ್ಲವಂತೆ. ಅಲ್ಲಿಂದ ಮೇಲೇಳಲಿಲ್ಲ.

ನೀವೂ ಬಸ್ಸು ಹತ್ತಿ ಬಂದು, ಯಾಕೆ ಫೋನ್ ಎತ್ತಲಿಲ್ಲ ಅಂತ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದ್ದರೆ ನಾನು ನಿಜ ಹೇಳುತ್ತಿದ್ದೆನೋ ಇಲ್ಲವೋ, ಇವತ್ತು ಆಣೆ ಮಾಡಿ ಹೇಳಲಾರೆ.

ಹೋದ ಮಂಗಳವಾರ ಆ ಕಾಗದ ಬಂದ ಮೇಲೆ ನಮ್ಮ ಆರ್ಡರ್ ಪುಸ್ತಕಗಳನ್ನು ಕೆಳಗಿಳಿಸಿ ಕೂತೆ. ನಾವು ಷೇರು ಕೊಂಡ ವರ್ಷವೇ ನೂರಕ್ಕೆ ಅರವತ್ತು ಮಂದಿ ಪ್ಲಾಸ್ಟಿಕ್ ಮಸೂರ ತೆಗೆದುಕೊಂಡಿದ್ದಾರೆ. ಹಗುರ, ಬಿದ್ದರೆ ಒಡೆಯುವುದಿಲ್ಲ ಅಂತ ನಾನೇ ಅವರಿಗೆ ಹೇಳಿ ಒಪ್ಪಿಸಿದ್ದೆ. ನೀವು ಹೊರಟುಹೋದ ವರ್ಷ ಎಂಬತ್ತು. ಈ ವರ್ಷ ಗಾಜು ಕೇಳಿದವರು ನಾಲ್ಕೇ ಮಂದಿ, ಅದರಲ್ಲಿ ಒಬ್ಬರು ಪೋಸ್ಟ್ ಮಾಸ್ಟರ್. ಎಲ್ಲ ನನ್ನ ಕೈಬರಹ. ಯಾರಾದರೂ ಗಾಜೇ ಬೇಕು ಅಂದ ದಿನ ಓಡಿ ಬಂದು ನಿಮಗೆ ಹೇಳುತ್ತಿದ್ದೆ, ನೀವು ಕಣ್ಣರಳಿಸುತ್ತಿದ್ದಿರಿ. ಮಿಕ್ಕವರ ಸುದ್ದಿ ನಾನು ಹೇಳಲಿಲ್ಲ, ನೀವು ಕೇಳಲಿಲ್ಲ. ಊರ ಕಣ್ಣು ನೋಡುವ ಅಂಗಡಿಯಲ್ಲಿ ಕೂತು ಇಬ್ಬರೂ ಇದೊಂದನ್ನು ನೋಡಲಿಲ್ಲ. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಗಿರಾಕಿ ಬಂದರು.

ಇವತ್ತು ಬೆಳಿಗ್ಗೆ ಸ್ಪಿರಿಟ್ ಹಾಕಿ ಆ ಕಿಟಕಿಯ ಮೂಲೆ ಒರೆಸಿದೆ. ಮೂರು ಸಲ ಉಜ್ಜಬೇಕಾಯಿತು. ಈಗ ಅಲ್ಲಿ ಯಾವ ಸಂಖ್ಯೆಯೂ ಇಲ್ಲ. ಹಿಂದಿನ ಮನೆಯ ಗೋಡೆ, ನೀರಿನ ಪೈಪು, ಅಷ್ಟೇ ಕಾಣುತ್ತದೆ. ನಿಮ್ಮ ಸ್ಟೂಲನ್ನು ಮೊದಲಿದ್ದ ಜಾಗಕ್ಕೆ ಎಳೆದಿಟ್ಟಿದ್ದೇನೆ. ಆ ಮೆಷಿನ್ ನಮಗೆ ಬರಲಾರದು. ಬಿರುಕಿಗೆ ಹಚ್ಚುವ ಮುಲಾಮು ತಂದಿಟ್ಟಿದ್ದೇನೆ.

ಕೋಪ ಬಂದರೆ ಬರಲಿ, ಬರುವಂಥದ್ದೇ ಮಾಡಿದ್ದೇನೆ. ಆದರೆ ಅಕ್ಕನ ಮಹಡಿಯಲ್ಲಿ ಕೂತು ಕೋಪ ಮಾಡಿಕೊಳ್ಳಬೇಡಿ, ಇಲ್ಲಿಗೆ ಬಂದು ಮಾಡಿಕೊಳ್ಳಿ.

ಇಂತಿ,
ಹದಿನೆಂಟು ವರ್ಷ ನಿಮ್ಮ ಸಾಣೆಯ ಸದ್ದಿಗೆ ಗೊಣಗಿ, ಎರಡು ವರ್ಷದಿಂದ ಅದನ್ನೇ ಕಾಯುತ್ತಿರುವ
ಮುಂದಿನ ಕೋಣೆಯವಳು

ಮತ್ತೆ: ಲಕೋಟೆ ಅಂಟಿಸುವ ಮೊದಲು ಓದಿ ನೋಡಿದೆ. ದುರಾಸೆ ಅಂತ ಬರೆದಿದ್ದೇನೆ. ಅದು ಸುಳ್ಳಲ್ಲ, ಆದರೆ ಅದಕ್ಕಿಂತ ಮೊದಲು ಬಂದದ್ದು ಹೆದರಿಕೆ. ಆವತ್ತು ಸಹಿ ಹಾಕಿದ್ದರೆ ಅಸಲು ಬಂದುಬಿಡುತ್ತಿತ್ತು. ಬಂದ ಮೇಲೂ ನೀವು ಬಾರದಿದ್ದರೆ? ಅಲ್ಲಿಯ ತನಕ ನೀವು ಬಾರದ್ದಕ್ಕೆ ಒಂದು ಕಾರಣವಿತ್ತು, ಪೇಪರಿನಲ್ಲಿ ದಿನಾ ಅಚ್ಚಾಗುತ್ತಿತ್ತು. ಮಾರೋ ತನಕ ನಷ್ಟ ಅಲ್ಲ ಅಂತ ನೀವು ಷೇರನ್ನು ಹಿಡಿದುಕೊಂಡಿರಿ, ನಾನು ನಿಮ್ಮನ್ನು ಹಾಗೆ ಹಿಡಿದುಕೊಂಡೆ. ಹೋದ ವಾರ ಷೇರು ಆಫೀಸಿಗೆ ಹೋದಾಗ ಗುಮಾಸ್ತರು ಮಾತಿನ ಮಧ್ಯೆ ಹೇಳಿದರು, ಆ ಗುರುವಾರ ನೀವು ಅದೇ ನೀಲಿ ಬ್ಯಾಗನ್ನು ಕಾಲ ಹತ್ತಿರ ಇಟ್ಟುಕೊಂಡು ಬಾಗಿಲು ಮುಚ್ಚುವ ತನಕ ಬೆಂಚಿನ ಮೇಲೆ ಕೂತಿದ್ದಿರಂತೆ. ಎಲ್ಲಿಗೋ ಪ್ರಯಾಣ ಹೊರಟಿದ್ದಾರೆ ಅಂದುಕೊಂಡರಂತೆ. ಜಿಪ್ ಹರಿದು ಹಗ್ಗ ಕಟ್ಟಿತ್ತಂತೆ. ಬರುವಾಗ ಅದೇ ಬ್ಯಾಗ್ ತನ್ನಿ, ಜಿಪ್ ಇಲ್ಲಿ ಹಾಕಿಸೋಣ.