ಒಂದು ಗಂಟೆಯ ಫೋನು

ಧಾಯರಿ, ಪುಣೆ
೨೧ ಸೆಪ್ಟೆಂಬರ್ ೨೦೨೫, ರವಿವಾರ
ಮಹಾಲಯ ಅಮಾವಾಸ್ಯೆ

ಪ್ರಿಯ ಗೆಳೆಯ ಬಸವಪ್ರಭುವಿಗೆ ಶಿವರುದ್ರಪ್ಪನ ಶರಣು ಶರಣಾರ್ಥಿ.

ಜೂನ್ ತಿಂಗಳಲ್ಲಿ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ‘ಬೆಟರ್ ಲೇಟ್ ದ್ಯಾನ್’ ಅಂತ ಏನೋ ಒಂದು ಇತ್ತಲ್ಲ, ಧಾರವಾಡದ ಕಾಲೇಜಿನಲ್ಲಿ ನಾವಿಬ್ಬರೂ ಬಾಯಿಪಾಠ ಮಾಡಿದ್ದು. ತಲೆ ನೆನಪಿದೆ, ಬಾಲ ಮರೆತಿದೆ. ‘ಫೋನ್ ಹಚ್ಚಲಿಕ್ಕೆ ಏನಾಗಿತ್ತಲೇ ನಿನಗ?’ ಎಂದು ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತದೆ. ಫೋನನ್ನು ಕಿವಿಗೆ ಹಿಡಿಯಲು ನನಗೆ ಈಗೀಗ ಅಂಜಿಕೆ. ಯಾಕೆ ಎನ್ನುವುದು ಈ ಪತ್ರ ಮುಗಿಯುವುದರೊಳಗೆ ನಿನಗೆ ತಿಳಿಯುತ್ತದೆ.

ನನ್ನ ಆರೋಗ್ಯ ಸರಿ ಇದೆ. ಎಡ ಮೊಣಕಾಲು ಮಾತ್ರ ನಾನ್-ಕೋಆಪರೇಶನ್ ನಡೆಸಿದೆ. ರವಿವಾರ ಪೇಠಿನ ಕಾಗದದ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಇನ್ನೂ ನನ್ನದೇ. ಮಾಲೀಕರು ಕಂಪ್ಯೂಟರ್ ತಂದಿಟ್ಟಿದ್ದಾರೆ, ಆದರೆ ಅದಕ್ಕೆ ನನ್ನಷ್ಟು ಬೈಸಿಕೊಳ್ಳಲು ಬರುವುದಿಲ್ಲ ಎಂದು ನನ್ನನ್ನೂ ಇಟ್ಟುಕೊಂಡಿದ್ದಾರೆ.

ನೀನು ಕೇಳಿದ್ದು ಮಗಳು ಅನುಜಾಳ ಅಡ್ಮಿಷನ್ ವಿಷಯ. ಹನ್ನೆರಡನೇ ಇಯತ್ತೆಯಲ್ಲಿ ಎಂಬತ್ತೊಂಬತ್ತು ಬಂತು. ಆದರೆ ಇಲ್ಲಿ ಅದರಿಂದ ಏನೂ ಆಗುವುದಿಲ್ಲ, ಇಂಜಿನಿಯರಿಂಗ್ ಸೀಟಿಗೆ ಸಿಇಟಿ ಬೇಕು. ಮನೆಯಲ್ಲಿ ಬರೆದ ಅಭ್ಯಾಸದ ಪರೀಕ್ಷೆಗಳಲ್ಲಿ ತೊಂಬತ್ತೆಂಟು ಪರ್ಸೆಂಟೈಲ್‌ಗಿಂತ ಕೆಳಗೆ ಇಳಿಯದ ಹುಡುಗಿಗೆ ನಿಜವಾದ ಪರೀಕ್ಷೆಯಲ್ಲಿ ತೊಂಬತ್ತೊಂದು ಬಂತು. ಮೊದಲ ಸುತ್ತಿನಲ್ಲಿ ಸೀಟಿಲ್ಲ. ಎರಡನೆಯದರಲ್ಲೂ ಇಲ್ಲ. ಪುಣೆಯ ಕಾಲೇಜುಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಮೂರನೇ ಸುತ್ತಿನಲ್ಲಿ ಕರಾಡದಲ್ಲಿ ಸೀಟು ಬಂತು. ಫೀ ಸರ್ಕಾರದ್ದು, ಹಾಸ್ಟೆಲ್ಲು ಮತ್ತು ಊಟ ನಮ್ಮದು. ಅಷ್ಟನ್ನು ನಾಲ್ಕು ವರ್ಷ ಹೊರುವ ಶಕ್ತಿ ನನ್ನ ಬಿಲ್ಲುಪುಸ್ತಕಕ್ಕೆ ಇಲ್ಲ. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ನಮ್ಮ ಕಡೆಯ ವ್ಯಾಪಾರಸ್ಥರು ಕೂಡಿ ನಡೆಸುವ ಒಂದು ಟ್ರಸ್ಟಿದೆ. ತಾಯಿಯೋ ತಂದೆಯೋ ಇಲ್ಲದ ಹೆಣ್ಣುಮಕ್ಕಳಿಗೆ ಹಾಸ್ಟೆಲ್ಲಿನ ಪೂರ್ತಿ ಖರ್ಚು ಕೊಡುತ್ತಾರೆ. ಸೀಟಿನ ಸುತ್ತುಗಳು ಶುರುವಾಗುವ ಮೊದಲೇ ಅಲ್ಲಿಗೆ ಅರ್ಜಿ ಹಾಕಿದ್ದೆವು. ಅದರ ಮೇಲೆಯೇ ಎಲ್ಲಾ ನಿಂತಿತ್ತು.

ಈಗ ಇಂದೂಳ ವಿಷಯಕ್ಕೆ ಬರಬೇಕು. ನಗಬೇಡ.

ಮನೆಯವಳು ಹೋಗಿ ಎರಡೂವರೆ ವರ್ಷವಾಯಿತು. ಅವಳ ಫೋನನ್ನು ನಾನು ಬಂದ್ ಮಾಡಿಸಲಿಲ್ಲ. ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕದಲ್ಲಿ ಅದರ ಜಾಗ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಚಾರ್ಜಿಗೆ ಹಾಕುತ್ತೇನೆ, ತಿಂಗಳಿಗೊಮ್ಮೆ ರಿಚಾರ್ಜ್ ಮಾಡಿಸುತ್ತೇನೆ. ಅನುಜಾಳ ಶಾಲೆಯ ಕಾಗದಗಳಲ್ಲೆಲ್ಲ ಒಂದನೇ ಇಯತ್ತೆಯಿಂದ ಅದೇ ನಂಬರು. ಹೀಗಾಗಿ ಸಿಇಟಿ ಇರಲಿ, ಸೀಟಿನ ಅರ್ಜಿ ಇರಲಿ, ಓಟಿಪಿ ಬರುವುದು ಇಂದೂಳ ಫೋನಿಗೇ. ಅನುಜಾ ಕಂಪ್ಯೂಟರ್ ಮುಂದೆ ಕುಳಿತು ‘ಅಪ್ಪಾ, ಅವ್ವಗ ಬಂತೇನು ನೋಡು’ ಎಂದು ಕೂಗುತ್ತಿದ್ದಳು. ನಾನು ಜಗಲಿಗೆ ಹೋಗಿ ಆರು ಅಂಕಿ ಓದಿ ಹೇಳುತ್ತಿದ್ದೆ. ಸತ್ತವಳು ಅಪ್ಪಣೆ ಕೊಡದೆ ಈ ಮನೆಯ ಒಂದು ಅರ್ಜಿಯೂ ಮುಂದೆ ಹೋಗಲಿಲ್ಲ ನೋಡು.

ಅವಳಿದ್ದಾಗ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ನಾನು ಅಂಗಡಿಯಿಂದ ಫೋನ್ ಮಾಡಬೇಕು, ಅವಳು ‘ಡಬ್ಬಿ ಬಿಚ್ಚೀರೇನ್ರಿ?’ ಎಂದು ಕೇಳಬೇಕು. ಆಮೇಲೇ ನಾನು ಡಬ್ಬಿ ಬಿಚ್ಚುವುದು. ಇಪ್ಪತ್ತೆರಡು ವರ್ಷದ ರೂಢಿ. ಅವಳು ಹೋದ ಮೇಲೂ ಕೈ ಬಿಡಲಿಲ್ಲ. ಒಂದು ಗಂಟೆಗೆ ನಂಬರು ಒತ್ತುತ್ತಿದ್ದೆ. ಖಾಲಿ ಮನೆಯಲ್ಲಿ, ಜಗಲಿಯ ಮೇಲೆ ಅದು ರಿಂಗಾಗುತ್ತಿತ್ತು. ಏಳು ಸಲ ಕೇಳಿಸಿಕೊಂಡು ಇಟ್ಟು ಊಟ ಮಾಡುತ್ತಿದ್ದೆ. ಯಾರಿಗೂ ತೊಂದರೆಯಿರಲಿಲ್ಲ.

ಹೋದ ಡಿಸೆಂಬರಿನಲ್ಲಿ, ಒಂದು ಮಂಗಳವಾರ, ಮೂರನೇ ರಿಂಗಿಗೆ ಯಾರೋ ಎತ್ತಿದರು.

ಹೊರಗೆ ಕಣ್ಣು ಕುಕ್ಕುವ ಬಿಸಿಲು, ಅಂಗಡಿಯ ಮುಂದೆ ಹಮಾಲರು ಕಾಗದದ ರಿಮ್ಮು ಇಳಿಸುತ್ತಿದ್ದರು. ಕಿವಿಯಲ್ಲಿ ಮಾತ್ರ ಬಾವಿಯೊಳಗಿನ ಹಾಗೆ ತಣ್ಣಗಿನ ಮೌನ. ಆಮೇಲೆ ಒಂದು ಉಸಿರು. ಆಮೇಲೆ, ‘ಡಬ್ಬಿ ಬಿಚ್ಚೀರೇನ್ರಿ?’

ಅದೇ ಧ್ವನಿ, ಬಸವಪ್ರಭು. ‘ರಿ’ ಎನ್ನುವಾಗ ಸ್ವಲ್ಪ ಮೇಲಕ್ಕೆ ಎಳೆಯುವುದೂ ಅದೇ. ನಾನು ‘ಇಲ್ಲ, ಈಗ ಬಿಚ್ಚತೀನಿ’ ಎಂದೆ. ಮತ್ತೇನು ಅನ್ನಬೇಕಿತ್ತು? ‘ಹಂಗಾರ ಉಣ್ರಿ’ ಎಂದು ಫೋನ್ ಇಟ್ಟಿತು.

ಮರುದಿನ ಮತ್ತೆ ಮಾಡಿದೆ. ಮತ್ತೆ ಎತ್ತಿತು. ಎಂಟು ತಿಂಗಳು ಹೀಗೆಯೇ ನಡೆಯಿತು. ಎರಡು ಮಾತು, ಮೂರು ಮಾತು, ಅದಕ್ಕಿಂತ ಹೆಚ್ಚಿಲ್ಲ. ಯಾರು ಎಂದು ನಾನು ಕೇಳಲಿಲ್ಲ. ಅದೂ ಹೇಳಲಿಲ್ಲ. ಪಕ್ಕದ ಮನೆಯ ರಂಜನಾ ಕಾಕೂ ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದರು. ಮುಖ ಬಿಳಿಚಿತ್ತು. ‘ಭಾವೂಜೀ, ದುಪಾರೀ ವಹಿನೀಂಚಾ ಆವಾಜ್ ಯೇತೋ’ ಎಂದರು. ಮಧ್ಯಾಹ್ನ ನಿಮ್ಮ ಹೆಂಡತಿಯ ಧ್ವನಿ ಕೇಳಿಸುತ್ತದೆ ಎಂದು. ಗೋಡೆಗೆ ಕಿವಿ ಇಟ್ಟವರಿಗೆ ಏನೇನೋ ಕೇಳಿಸುತ್ತದೆ ಎಂದು ನಾನು ನಕ್ಕು ಬಿಟ್ಟೆ. ಅಂದಿನಿಂದ ಅವರು ನಮ್ಮ ಮನೆಗೆ ಸಕ್ಕರೆ ಕೇಳಲು ಬಂದಿಲ್ಲ.

ಸಿಇಟಿ ದಿನವೂ ಒಂದು ಗಂಟೆಗೆ ಫೋನ್ ಮಾಡಿದೆ. ಅಂದು ಮಾತ್ರ ಧ್ವನಿಯ ಹಿಂದೆ ಹಾರ್ನುಗಳು ಕೇಳಿಸಿದವು, ನೂರಾರು. ಬಸ್ಸಿನದೂ ಇತ್ತು. ಹೋದವರ ಲೋಕದಲ್ಲೂ ಹಿಂಜವಾಡಿಯ ಟ್ರಾಫಿಕ್ಕು ಇದೆಯೇನೋ ಎಂದುಕೊಂಡೆ. ಡಬ್ಬಿ ಬಿಚ್ಚಿದೆ, ಉಂಡೆ.

ಈಗ ಟ್ರಸ್ಟಿನ ಕಥೆ ಕೇಳು. ಅರ್ಜಿಗೆ ಇಂದೂಳ ಮರಣ ಪ್ರಮಾಣಪತ್ರ ಹಚ್ಚಬೇಕಿತ್ತು. ಅದು ಟ್ರಂಕಿನಲ್ಲಿ, ನಮ್ಮ ಮದುವೆಯ ಪತ್ರಿಕೆಯೊಳಗೆ ಮಡಿಚಿ ಇತ್ತು. ಅನುಜಾ ದಿನಾ ಕೇಳುವಳು, ನಾನು ದಿನಾ ‘ನಾಳೆ ತಗದ ಕೊಡ್ತೀನವ್ವಾ’ ಎನ್ನುವೆ. ಕಡೆಗೆ ಅದಿಲ್ಲದೆಯೇ ಅರ್ಜಿ ಹೋಯಿತು. ಸಂಪರ್ಕದ ನಂಬರು ಎಂಬ ಜಾಗದಲ್ಲಿ ರೂಢಿಯಂತೆ ನಾನು ಇಂದೂಳದ್ದೇ ಬರೆದಿದ್ದೆ. ಜುಲೈ ಕೊನೆಗೆ ಉತ್ತರ ಬಂತು: ಅರ್ಜಿ ತಿರಸ್ಕೃತ. ಕಾರಣ, ವಿದ್ಯಾರ್ಥಿನಿಯ ತಾಯಿ ಜೀವಂತವಿದ್ದಾರೆ.

ಮಾಲೀಕರಿಗೆ ಹೇಳಿ ಅಂದೇ ಕ್ಯಾಂಪಿಗೆ ಹೋದೆ. ಅಲ್ಲಿನ ಗುಮಾಸ್ತ ಮರಿಸ್ವಾಮಿ ಎಂಬವರು, ಸಜ್ಜನರು, ಆದರೆ ಮುಖ ಗಂಟು ಹಾಕಿಕೊಂಡೇ ಮಾತಾಡಿದರು.

‘ಹಿರ್ಯಾರು ನೀವು. ಜೀವಂತ ಇದ್ದ ಹೆಂಡ್ತೀನ್ನ ಸತ್ತಾಳಂತ ಬರಿಯೂದು ಒಳ್ಳೇದಲ್ರಿ.’

‘ಯಾರು ಹೇಳಿದ್ರು ಜೀವಂತ ಇದ್ದಾಳಂತ?’

‘ಆಕೀನ ಹೇಳ್ಯಾಳಲ್ರಿ! ಪ್ರಮಾಣಪತ್ರ ಯಾಕ ಹಚ್ಚಿಲ್ಲಂತ ಕೇಳಾಕ ನಾನ ಫೋನ್ ಮಾಡಿದ್ದೆ. ಮಧ್ಯಾಹ್ನ ಒಂದರ ಸುಮಾರಿಗೆ. ಎತ್ತಿದ ಕೂಡ್ಲೇ ಡಬ್ಬಿ ಬಿಚ್ಚೀರೇನ್ರಿ ಅಂದ್ರು. ನೀವು ಅನುಜಾನ ತಾಯಿಯವರೇನ್ರಿ ಅಂದೆ. ಹೌದ್ರಿ ಅಂದು ಇಟ್ಟಬಿಟ್ರು.’

ನಾನು ಚೀಲದಿಂದ ಮದುವೆಯ ಪತ್ರಿಕೆ ತೆಗೆದೆ, ಅದರೊಳಗಿಂದ ಪ್ರಮಾಣಪತ್ರ ತೆಗೆದೆ, ಬಿಚ್ಚಿ ಮೇಜಿನ ಮೇಲಿಟ್ಟೆ. ಮರಿಸ್ವಾಮಿ ಓದಿದರು. ತಾರೀಖನ್ನು ಎರಡು ಸಲ ಓದಿದರು. ಫ್ಯಾನು ತಿರುಗುತ್ತಿತ್ತು, ಆದರೂ ಅವರ ಹಣೆಯ ಮೇಲೆ ಬೆವರು ಕೂತಿತು.

‘ಹಂಗಾದ್ರ,’ ಎಂದರು ಮೆಲ್ಲಗೆ, ‘ನಾ ಮಾತಾಡಿದ್ದು ಯಾರ ಕೂಡ್ರಿ?’

ಬಸವಪ್ರಭು, ಆ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿದ್ದರೆ ಅನುಜಾ ಸುಳ್ಳುಗಾತಿಯಾಗುತ್ತಿದ್ದಳು, ಇನ್ನೊಂದು ಕೊಟ್ಟಿದ್ದರೆ ನಾನು ಹುಚ್ಚನಾಗುತ್ತಿದ್ದೆ. ಪ್ರಮಾಣಪತ್ರವನ್ನು ಅವರ ಕಡೆಗೆ ಇನ್ನಷ್ಟು ಸರಿಸಿದೆ. ಅವರ ಕೈ ತಾನಾಗಿಯೇ ಕೊರಳಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿತು.

‘ಒಂದು ಅರ್ಜಿ ಬರ್ದು ಕೊಡ್ರಿ,’ ಎಂದರು. ‘ಆಕಿ ತೀರಿಕೊಂಡಾಳಂತ, ನಿಮ್ಮ ಕೈಯಾರೆ. ಇಂಗ್ಲೀಷಿನಾಗ ಬರೀರಿ, ಕಮಿಟಿಯವರು ಓದ್ತಾರ.’

ನಮಗೆ ಕಾಲೇಜಿನಲ್ಲಿ ಬರುತ್ತಿದ್ದದ್ದು ಲೀವ್ ಲೆಟರ್ ಒಂದೇ. ಅದರಂತೆಯೇ ಬರೆದೆ: ‘ಐ ಬೆಗ್ ಟು ಸ್ಟೇಟ್ ದಟ್ ಮೈ ವೈಫ್ ಈಸ್ ನೋ ಮೋರ್.’ ಎರಡೂವರೆ ವರ್ಷದಲ್ಲಿ ಆ ವಾಕ್ಯವನ್ನು ನಾನು ಯಾವ ಭಾಷೆಯಲ್ಲೂ ಹೇಳಿರಲಿಲ್ಲ. ಮರಿಸ್ವಾಮಿ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ಒಳಗೆ ಒಯ್ದರು. ನಾಲ್ಕು ದಿನದಲ್ಲಿ ಮಂಜೂರಾಯಿತು. ಇಷ್ಟು ಬೇಗ ಯಾರಿಗೂ ಆಗಿಲ್ಲವಂತೆ.

ಸೀಟು ಬಂತು, ಟ್ರಸ್ಟೂ ಒಪ್ಪಿತು. ಆಗ ಅನುಜಾ ಹೋಗುವುದಿಲ್ಲ ಎಂದಳು.

‘ಇಲ್ಲೇ ಬಿ.ಎಸ್ಸಿ. ಮಾಡ್ತೀನಪ್ಪಾ. ಮುಂಜಾನೆ ಕ್ಲಾಸು. ಹನ್ನೆರಡೂವರಿಗೆ ಮನ್ಯಾಗ ಇರ್ತೀನಿ.’

‘ಯಾಕವ್ವಾ? ಇಷ್ಟೆಲ್ಲಾ ಓಡಾಡಿದ್ದು ಯಾಕ ಮತ್ತ?’

‘ಮಧ್ಯಾಹ್ನ ಮನ್ಯಾಗ ಯಾರರ ಇರಬೇಕಲ್ಲಪ್ಪಾ.’

ಜಗಲಿಯ ಕಡೆ ನೋಡದೆ ಹೇಳಿದಳು. ನಾನೂ ನೋಡಲಿಲ್ಲ. ಕರಾಡಕ್ಕೆ ಹೋಗಿ ಹಾಜರಾಗಲು ಗುರುವಾರ ಸಂಜೆ ಕೊನೆ. ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಚೀಲ ಕಟ್ಟು ಎಂದರೆ ಕಟ್ಟಲಿಲ್ಲ, ಬೈದರೆ ಅಳಲಿಲ್ಲ.

ಬುಧವಾರ ಒಂದು ಗಂಟೆಗೆ ಅಂಗಡಿಯ ಹಿಂದಿನ ಗೋದಾಮಿಗೆ ಹೋಗಿ ನಂಬರು ಒತ್ತಿದೆ. ಮೊದಲ ರಿಂಗಿಗೇ ಎತ್ತಿತು.

‘ಡಬ್ಬಿ ಬಿಚ್ಚೀರೇನ್ರಿ?’

‘ಇಂದೂ,’ ಎಂದೆ. ಅಷ್ಟು ದಿನದಲ್ಲಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ‘ಒಂದು ಮಾತು ಕೇಳಬೇಕು. ಮಗಳನ್ನ ಕರಾಡಕ್ಕ ಕಳಸಬೇಕಂತೀನಿ. ಆಕಿ ಒಲ್ಲೆ ಅಂತಾಳ. ನೀ ಏನಂತಿ?’

ನಮ್ಮ ಮನೆಯ ಗಡಿಯಾರ ಟಿಕ್ ಟಿಕ್ ಎನ್ನುವುದು ಕೇಳಿಸಿತು. ಆಮೇಲೆ ಆ ಧ್ವನಿ, ‘ನೀವು ಒಬ್ರ ಉಣ್ತೀರೇನ್ರಿ?’ ಎಂದಿತು.

‘ಉಣ್ತೀನಿ. ನಾಳಿಂದ ನಾ ಫೋನ್ ಮಾಡೂದಿಲ್ಲ ಇಂದೂ. ನೀನೂ ಎತ್ತಬ್ಯಾಡ.’

‘ಕಳಸ್ರಿ ಹಂಗಾರ,’ ಎಂದಿತು. ಕೊನೆಯ ಅಕ್ಷರ ಒಡೆದುಹೋಯಿತು.

ಸಂಜೆ ಮನೆಗೆ ಬಂದರೆ ಅನುಜಾ ಚೀಲ ಕಟ್ಟಿದ್ದಳು. ಗುರುವಾರ ನಸುಕಿನ ಬಸ್ಸಿಗೆ ಇಬ್ಬರೂ ಹೋದೆವು. ಗಡುವಿಗೆ ಮೂರು ಗಂಟೆ ಮೊದಲೇ ಅಡ್ಮಿಷನ್ ಮುಗಿಯಿತು. ಹಾಸ್ಟೆಲ್ಲಿನ ಗೇಟಿನಲ್ಲಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಫೋನಿನ ವಿಷಯ ಇಬ್ಬರೂ ಎತ್ತಲಿಲ್ಲ. ಚೆನ್ನಾಗಿದ್ದಾಳೆ, ಮೆಸ್ಸಿನ ಚಪಾತಿ ಚರ್ಮದ ಹಾಗಿದೆಯಂತೆ. ರಾತ್ರಿ ಎಂಟಕ್ಕೆ ನನ್ನ ಫೋನಿಗೆ ಮಾತಾಡುತ್ತಾಳೆ.

ಇಂದು ಅಮಾವಾಸ್ಯೆ. ಇಂದೂಳ ಹೆಸರಿನಲ್ಲಿ ಜಗಲಿಯ ಮುಂದೆ ಎಡೆ ಇಟ್ಟು ಈ ಪತ್ರಕ್ಕೆ ಕುಳಿತಿದ್ದೇನೆ. ಈಗ ಸರಿಯಾಗಿ ಒಂದು ಗಂಟೆ. ಇದೀಗ, ನಾನು ಈ ಸಾಲು ಬರೆಯುತ್ತಿರುವಾಗಲೇ, ಜಗಲಿಯ ಮೇಲೆ ಫೋನು ರಿಂಗಾಗತೊಡಗಿತು. ಎದ್ದು ಹೋಗಿ ನೋಡಿದೆ. ಏಳು ಸಲ ರಿಂಗಾಗಿ ನಿಂತಿತು. ಎತ್ತಲಿಲ್ಲ.

ನೀನು ದಸರೆಗೆ ಮಗನ ಮನೆಗೆ ಪುಣೆಗೆ ಬರುವವನಲ್ಲವೇ? ಕರಾಡ ದಾರಿಯಲ್ಲೇ ಸಿಗುತ್ತದೆ. ಇಳಿದು ಅನುಜಾಳನ್ನು ಕಂಡು ಬಾ, ಕೈಯಲ್ಲಿ ಒಂದಿಷ್ಟು ಪೇಢೆ ಇಡು. ಫೋನ್ ಮಾಡಿಕೊಂಡೇ ಹೋಗು, ಆದರೆ ಒಂದು ಗಂಟೆಗೆ ಮಾತ್ರ ಮಾಡಬೇಡ. ನಿನ್ನ ಮನೆಯವರಿಗೆ ನಮಸ್ಕಾರ, ಮಕ್ಕಳು ಮೊಮ್ಮಕ್ಕಳಿಗೆ ಆಶೀರ್ವಾದ. ಗುರುಬಸವ ಎಲ್ಲರನ್ನೂ ತಣ್ಣಗಿಡಲಿ.

ಯುವರ್ಸ್ ಒಬೀಡಿಯೆಂಟ್ಲಿ (ಇದೊಂದೇ ಪೂರ್ತಿ ನೆನಪಿರುವುದು),
ಶಿವರುದ್ರಪ್ಪ

ತಾ.ಕ.: ಪತ್ರ ಮಡಿಚಿದ್ದೆ, ಮತ್ತೆ ಬಿಚ್ಚಿದೆ. ಇಷ್ಟೆಲ್ಲ ಬರೆದು ಒಂದನ್ನು ಬಿಟ್ಟೆ. ಆ ಧ್ವನಿ ಯಾರದೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಇಂದೂ ಎಂದೂ ತಾನಾಗಿ ಫೋನ್ ಇಡುತ್ತಿರಲಿಲ್ಲ, ನಾನು ಇಡುವವರೆಗೆ ಕಾಯುತ್ತಿದ್ದಳು. ಅಲ್ಲದೆ ಡಿಸೆಂಬರಿನಿಂದ ಓದುವ ರಜೆ ಎಂದು ಮಧ್ಯಾಹ್ನ ಮನೆಯಲ್ಲಿ ಇದ್ದವಳು ಮಗಳೊಬ್ಬಳೇ. ಗೊತ್ತಿದ್ದೂ ಎಂಟು ತಿಂಗಳು ಫೋನ್ ಮಾಡಿದೆ.

ಸಿಇಟಿಯ ದಿನ ಬೆಳಿಗ್ಗೆ ಪೂಜೆಗೆ ಕುಳಿತಾಗ ಜಗಲಿಯ ಮೇಲೆ ಫೋನು ಇರಲಿಲ್ಲ. ವಿಭೂತಿಯ ಪಕ್ಕದಲ್ಲಿ ಅದರ ಆಕಾರದ ಖಾಲಿ ಜಾಗ ಮಾತ್ರ ಇತ್ತು. ಪರೀಕ್ಷಾ ಕೇಂದ್ರ ಹಿಂಜವಾಡಿಯ ಆಚೆ, ಮಧ್ಯಾಹ್ನದ ಪಾಳಿ, ಒಳಗೆ ಫೋನ್ ಬಿಡುವುದಿಲ್ಲ. ನನ್ನ ಫೋನಿಗಾಗಿ ಅವಳು ಗೇಟಿನ ಹೊರಗೆ, ಆ ಬಿಸಿಲಲ್ಲಿ, ಎಲ್ಲರೂ ಒಳಗೆ ಹೋದ ಮೇಲೂ ನಿಲ್ಲುತ್ತಾಳೆ ಎಂದು ಆ ಖಾಲಿ ಜಾಗ ನೋಡಿದಾಗಲೇ ನನಗೆ ತಿಳಿದಿತ್ತು. ತಿಳಿದೂ ಒಂದು ಗಂಟೆಗೆ ನಂಬರು ಒತ್ತಿದೆ. ಹೋದ ಏಳು ಪರ್ಸೆಂಟೈಲು ಎಲ್ಲಿ ಹೋಯಿತೆಂದು ಎಲ್ಲರೂ ಕೇಳಿದರು. ನಾನೂ ಎಲ್ಲರ ಜೊತೆ ಕೇಳಿದೆ.

ಇಂದು ರಿಂಗಾದ ಫೋನಿನಲ್ಲಿ ಹೆಸರು ಮೂಡಿತ್ತು: ಅನುಜಾ. ಅವಳು ನನಗಲ್ಲ, ತನ್ನ ಅವ್ವನಿಗೆ ಮಾಡಿದ್ದಾಳೆ. ನಾಳೆ ಒಂದು ಗಂಟೆಗೆ ಮತ್ತೆ ಫೋನ್ ಮಾಡುತ್ತಾಳೆ. ಎತ್ತಿದರೆ ಯಾರ ಧ್ವನಿಯಲ್ಲಿ ಮಾತಾಡಲಿ ಬಸವಪ್ರಭು?