ಹಬ್ಬದ ಬದಲಿ ಶಿಫ್ಟು

೨೧ ಡಿಸೆಂಬರ್ ೧೯೫೮, ಭಾನುವಾರ

ಕಜ್ಜಾಯದ ಹಿಟ್ಟಿಗೆ ಪಾಕ ಹಾಕಿ ಮುಚ್ಚಿಟ್ಟೆ. ಅತ್ತೆ ಬೆರಳಲ್ಲಿ ಮುಟ್ಟಿ ನೋಡಿ, "ಪಾಕ ಹೆಚ್ಚಾಯ್ತು" ಅಂದರು. ಇರಬಹುದು. ಇವತ್ತು ಯಾವುದರ ಮೇಲೂ ಮನಸ್ಸಿಲ್ಲ.

ಬೆಳಿಗ್ಗೆ ಚರ್ಚಿನಲ್ಲಿ ಪಾದ್ರಿ ಅಯ್ಯನವರು ನೆನಪು ಮಾಡಿದರು. ಈ ವರ್ಷ ಮದುವೆಯಾಗಿ ಬಂದ ಸೊಸೆಯಂದಿರು ಕ್ರಿಸ್ಮಸ್ ಆರಾಧನೆಯಲ್ಲಿ ಎದ್ದು ನಿಂತು ಸ್ತೋತ್ರ ಹೇಳಬೇಕು. ಕರ್ತನು ಏನು ಕೊಟ್ಟನೋ ಅದಕ್ಕೆ ಒಂದು ಮಾತು. ಇಲ್ಲಿಯ ಪದ್ಧತಿ. ಎಲ್ಲರೂ ತಿರುಗಿ ನನ್ನ ಕಡೆ ನೋಡಿದರು. ಈ ಸಲ ಹೊಸ ಸೊಸೆ ನಾನೊಬ್ಬಳೇ.

ನಾಲ್ಕನೆಯ ಕ್ಲಾಸಿನಲ್ಲಿ ಮೇಷ್ಟ್ರು ಪಾಠ ಒಪ್ಪಿಸು ಅಂದರೆ ನನ್ನ ನಾಲಿಗೆ ಒಣಗುತ್ತಿತ್ತು. ಈಗಲೂ ಹಾಗೆಯೇ. ಬರೆಯೋದಾದರೆ ಬರೆಯುತ್ತೇನೆ. ಹೇಳೋದು...

"ಒಳ್ಳೆಯ ಮನೆ ಕೊಟ್ಟ ಕರ್ತನಿಗೆ ಸ್ತೋತ್ರ." ಇಷ್ಟು ಸಾಕು. ಪಾತ್ರೆ ತೊಳೆಯುವಾಗ ಹೇಳಿ ನೋಡಿದೆ. "ಯಾರ್ ಜೊತೆ ಮಾತು?" ಅಂದರು ಅತ್ತೆ.

೨೩, ಮಂಗಳವಾರ, ಸಂಜೆ

ಇವರಿಗೆ ನಾಳೆ ಎರಡನೆಯ ಶಿಫ್ಟು. ಮಧ್ಯಾಹ್ನ ಗಣಿಗೆ ಇಳಿದರೆ ರಾತ್ರಿ ಹತ್ತಕ್ಕೆ ಮೇಲೆ. ನಾಳೆ ಸಂಜೆ ಕ್ರಿಸ್ಮಸ್ ಕ್ಯಾರಲ್ ಹಾಡುವವರ ಜೊತೆ ಡೋಲಕ್ ಬಾರಿಸೋದು ಇವರೇ. ಎರಡು ದಿನದಿಂದ ಮುಖ ಸಪ್ಪಗಿತ್ತು.

ಪಕ್ಕದ ಮನೆಯ ಆರುಮುಗಂ ಅಣ್ಣ ಗೋಡೆಯ ಆಚೆಯಿಂದಲೇ ಕೂಗಿದರು. ಇವರದೇ ಟಿಂಬರ್ ಗ್ಯಾಂಗು. ಗಣಿಯೊಳಗೆ ಬಂಡೆಗೆ ಮರದ ಆಸರೆ ಕಟ್ಟುವ ಕೆಲಸ.

"ಲೇ ಸಾಮು, ನಾಳೆ ನಿನ್ ಶಿಫ್ಟು ನಾನಿಳೀತೀನಿ ಕಣ್ಲಾ. ನಂಗೆ ವಾರದ್ ರಜ. ನೀನೋಗಿ ಡೋಲಕ್ ಬಡಿ. ನೀನ್ ಬಡೀದಿದ್ರೆ ನಿಮ್ ಯೇಸಪ್ಪ ಉಟ್ಟೋದೇ ಇಲ್ವಂತಲ್ಲ!"

"ಪೊಂಗಲ್‌ಗೆ ನಿಂದು ನಾನಿಳೀತೀನಿ ಬಿಡಣ್ಣ."

"ಇಳೀದೆ ಎಲ್ಲಿಗೋಯ್ತೀಯ? ಕಜ್ಜಾಯ ಮಾತ್ರ ಮರೀಬೇಡ ತಂಗಚ್ಚಿ. ಓದ್ವರ್ಸ ನಿಮ್ಮತ್ತೆ ಮಾಡಿದ್ದು ದವಡೆಗೆ ಅಂಟ್ಕೊಂಡು ಎರಡು ದಿನ ಬಾಯೇ ಬಿಡ್ಲಿಲ್ಲ ನಾನು."

"ಕೇಳುಸ್ತು ಕಣಪ್ಪ" ಅಂದರು ಅತ್ತೆ ಒಳಗಿನಿಂದ.

ಗಣಿಯವರ ಮನೆಸಾಲುಗಳಲ್ಲಿ, ಈ ಲೈನುಗಳಲ್ಲಿ, ಇದು ಮೊದಲಿನಿಂದಲೂ ಇದೆಯಂತೆ. ಕ್ರಿಸ್ಮಸ್‌ಗೆ ಅವರು ನಮ್ಮ ಶಿಫ್ಟು ಇಳಿಯುತ್ತಾರೆ. ದೀಪಾವಳಿಗೆ, ಪೊಂಗಲ್‌ಗೆ ನಮ್ಮವರು ಅವರದು. ಹಾಜರಿಯ ಟೋಕನ್ನೂ ಬದಲು. ಯಾರ ಶಿಫ್ಟೋ ಅವರ ಟೋಕನ್ ತೆಗೆದುಕೊಂಡು ಇಳಿಯೋದು. ಕೋದಂಡಪ್ಪ ಮೇಸ್ತ್ರಿ ಆ ಕಡೆ ತಿರುಗಿ ಬೀಡಿ ಹಚ್ಚುತ್ತಾರೆ. ಆಫೀಸಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಇದುವರೆಗೆ ಗೊತ್ತಾಗಿಲ್ಲವಂತೆ.

ಹೆಂಡತಿ ಮುನಿಶಾಮಕ್ಕನಿಗೆ ಹೇಳಬೇಡಿ ಅಂದರು ಅಣ್ಣ. ಅಕ್ಕ ನಾಳೆ ಬೆಳಿಗ್ಗೆ ಬಂಗಾರಪೇಟೆ ಕಡೆ ತವರಿಗೆ ಹೋಗಿ ಸಂಜೆ ಬರುತ್ತಾಳೆ. "ರಜ ದಿನಾನೂ ಇಳೀತಾನೆ ಅಂತ ಗೊತ್ತಾದ್ರೆ ಇಡೀ ಲೈನು ಎದ್ದೋಗೋ ಅಂಗೆ ಕಿರುಚ್ತಾಳೆ."

೨೪, ಬುಧವಾರ, ಮಧ್ಯಾಹ್ನ

ಅಣ್ಣ ಹೋದರು. ಇವರ ಟೋಕನ್ ಜೇಬಿನಲ್ಲಿ. ಎರಡು ಕಜ್ಜಾಯ ಕಾಗದದಲ್ಲಿ ಕಟ್ಟಿಕೊಟ್ಟೆ. ಪಾಕ ಸರಿಯಾಗೇ ಇತ್ತು.

ಇವರು ಶಿಳ್ಳೆ ಹಾಕುತ್ತಾ ಚರ್ಚಿಗೆ ಹೋದರು. ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟಿಯಾಯಿತು. ನಾಳೆ ಹೇಳುವ ಮಾತು ಬಾಯಿಗೆ ಬಂದಿದೆ. ನಿಂತಾಗ ಬರುತ್ತದೋ—

೨೫, ಗುರುವಾರ. ಇನ್ನೂ ಬೆಳಕಾಗಿಲ್ಲ.

ಬರೆಯದಿದ್ದರೆ ತಲೆ ಒಡೆಯುತ್ತದೆ.

ನಿನ್ನೆ ದೀಪ ಹಚ್ಚುವ ಹೊತ್ತಿಗೆ ಏರ್‌ಬ್ಲಾಸ್ಟ್ ಆಯಿತು. ಒಳಗೆ ಬಂಡೆ ಸಿಡಿದರೆ ಮೇಲೆ ಮನೆಗಳು ಅದುರುತ್ತವೆ. ಇಲ್ಲಿಗೆ ಬಂದ ಮೇಲೆ ಅಭ್ಯಾಸವಾಗಿತ್ತು. ಇದು ಹಾಗಲ್ಲ. ಗೂಡಿನ ತಟ್ಟೆಗಳೆಲ್ಲ ನೆಲಕ್ಕೆ. ನಕ್ಷತ್ರದೊಳಗಿನ ದೀಪ ಆರಿತು. ಆಮೇಲೆ ಸೈರನ್. ನಿಲ್ಲಲೇ ಇಲ್ಲ.

ಇವರು ಚರ್ಚಿನಲ್ಲಿದ್ದರು. ನಾನು, ಅತ್ತೆ ಬಾಗಿಲಲ್ಲಿ. ಮುನಿಶಾಮಕ್ಕ ಆಗಷ್ಟೆ ರೈಲಿಳಿದು ಬಂದಿದ್ದಳು. ತಲೆಯ ಮೇಲಿನ ಅವರೆಕಾಯಿ ಗಂಟು ಇನ್ನೂ ಇಳಿಸಿರಲಿಲ್ಲ. ಟೈಮ್ ಆಫೀಸಿನ ಜವಾನ ಬಂದ.

"ಸ್ಯಾಮುವೇಲು ಮನೆ ಇದೇ ಏನಮ್ಮ? ಟಿಂಬರ್ ಗ್ಯಾಂಗು?"

ತಲೆಯಾಡಿಸಿದೆ.

"ಮಿಕ್ಕೋರೆಲ್ಲ ಮೇಲ್ ಬಂದವ್ರೆ. ಅವರ ಟೋಕನ್ ಒಂದು ವಾಪಸ್ ಬಂದಿಲ್ಲ. ಒಳಗೆ ಸಿಕ್ಕೊಂಡವ್ರೆ. ಧೈರ್ಯವಾಗಿರಿ."

ಅವನು ಹೋದ. ಅಕ್ಕ ಗಂಟು ಬಿಸಾಡಿ ಓಡಿಬಂದು ನನ್ನನ್ನು ತಬ್ಬಿಕೊಂಡಳು.

"ಅಯ್ಯೋ ಅಮ್ಮಣ್ಣಿ, ಅಬ್ಬದ್ ದಿನಾನೇ ಇಂಗಾಗ್ಬೇಕಾ! ಕೈಬಳೆ ಇನ್ನೂ ಒಸಾವು ಕಣೇ! ಅಳ್ಬೇಡ. ನಮ್ಮೋನು ಎಲ್ಲವ್ನೋ ಕರುಸ್ತೀನಿ. ಅವ್ನೇ ಇಳ್ದು ಎತ್ಕೊಂಡ್ ಬತ್ತಾನೆ. ಸಾಮು ಅಂದ್ರೆ ಅವ್ನಿಗೆ ಜೀವ."

ನಾನು ಅಳುತ್ತಿರಲಿಲ್ಲ. ಅವಳ ಕಣ್ಣೀರು ನನ್ನ ಕತ್ತಿನ ಮೇಲೆ ಬೀಳುತ್ತಿತ್ತು.

ಅತ್ತೆ ಸೆರಗು ಹಿಡಿದು ಒಳಗೆ ಎಳೆದರು. ಕಿವಿಯಲ್ಲಿ ಅಂದರು: "ಬಾಯಿ ಬಿಟ್ಟೀಯ! ಮೊದ್ಲು ಸಾಮು ಬರ್ಲಿ. ಟೋಕನ್ ಬದ್ಲಾಗಿದ್ದು ಗೊತ್ತಾದ್ರೆ ಕೆಲ್ಸಾನೂ ಓಯ್ತು, ಈ ಮನೇನೂ ಓಯ್ತು. ನಮ್ಮುಡುಗ ಉಳ್ಕೊಂಡ. ಕರ್ತನಿಗೆ ಸ್ತೋತ್ರ ಹೇಳು."

ಹೇಳಿದೆ, ಮನಸ್ಸಿನಲ್ಲಿ. ಯಾವುದಕ್ಕೆ ಹೇಳಿದೆ? ಇವರು ಹೊರಗಿರುವುದಕ್ಕೋ, ಅಣ್ಣ ಒಳಗಿರುವುದಕ್ಕೋ? ಎರಡೂ ಒಂದೇ ಆಗಿತ್ತಲ್ಲ.

ಹೊರಗೆ ಬಂದೆ. ಅಕ್ಕ ಅಷ್ಟರಲ್ಲಿ ತನ್ನ ಒಲೆ ಹಚ್ಚಿ ಕಾಫಿ ತಂದಿದ್ದಳು. ನನ್ನ ತಲೆ ಹಿಡಿದು ಮಗುವಿಗೆ ಕುಡಿಸುವ ಹಾಗೆ ಬಾಯಿಗೆ ಇಟ್ಟಳು. ಒಂದು ಗುಟುಕು ಕುಡಿದೆ. ಕುಡಿದೆ! ಆಮೇಲೆ ಆಗಲಿಲ್ಲ.

"ಅಕ್ಕ, ಒಳಗಿರೋದು ಇವರಲ್ಲ."

"ಮತ್ಯಾರೇ?"

ಅವಳ ಮನೆಯ ಬಾಗಿಲ ಕಡೆ ನೋಡಿದೆ.

"ಇವತ್ತು ಅವ್ನಿಗೆ ರಜ" ಅಂದಳು. ಮತ್ತೆ, "ರಜ ಕಣೇ."

ಲೋಟವನ್ನು ಮೆಲ್ಲಗೆ ಹೊಸಿಲ ಮೇಲಿಟ್ಟಳು. ಬೈಯಲಿಲ್ಲ. ಗಣಿಗೆ ಇಳಿಯುವ ಶಾಫ್ಟಿನ ಕಡೆ ನಡೆದುಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಇವರು ಓಡಿ ಬಂದರು. ಅತ್ತೆ ತಬ್ಬಿಕೊಂಡು ಅತ್ತರು, ಹೋಗಬೇಡ ಅಂದರು. ಇವರು ಕೈ ಬಿಡಿಸಿಕೊಂಡರು. "ಆಫೀಸಿಗೆ ಹೋಗಿ ಹೇಳ್ತೀನಿ. ಬಂಡೆ ತೆಗೆಯೋ ಕಡೆ ಟಿಂಬರ್ ಕಟ್ಟೋರು ಬೇಕು. ಇಳೀತೀನಿ." ನನ್ನ ಮುಖ ನೋಡಲಿಲ್ಲ.

ಈಗ ಇಬ್ಬರೂ ಕೆಳಗೆ.

೨೫, ಸಂಜೆ

ಅತ್ತೆ ಚರ್ಚಿಗೆ ಎಳೆದುಕೊಂಡು ಹೋದರು. ಸುದ್ದಿ ನಮಗಿಂತ ಮುಂಚೆ ಹೋಗಿತ್ತು. ಎಲ್ಲರೂ ನನ್ನ ಕೈ ಹಿಡಿದರು. "ಕರ್ತ ತಪ್ಪಿಸಿದನಮ್ಮ. ಇವತ್ತು ಎದ್ದು ಹೇಳೋಕೆ ನಿನಗೆ ದೊಡ್ಡ ಸಾಕ್ಷಿ ಸಿಕ್ತು."

ಪಾದ್ರಿ ಅಯ್ಯನವರು, ಯೇಸು ಹುಟ್ಟಿದ ಸುದ್ದಿಯನ್ನು ದೂತ ಕುರುಬರಿಗೆ ಹೇಳುವ ಭಾಗ ಓದಿದರು. ಚಿಕ್ಕಂದಿನಿಂದ ಕೇಳಿದ್ದೇ. ಇವತ್ತು ಹೊಳೆಯಿತು. ಆ ಕುರುಬರೂ ರಾತ್ರಿ ಶಿಫ್ಟಿನಲ್ಲಿದ್ದವರು. ಊರೆಲ್ಲ ಮಲಗಿತ್ತು. ದೂತ ಹುಡುಕಿಕೊಂಡು ಹೋದದ್ದು ಕೆಲಸದಲ್ಲಿದ್ದವರನ್ನು.

ನನ್ನ ಹೆಸರು ಕರೆದರು. "ಲೇಯಮ್ಮ." ಎದ್ದೆ. ಕಲಿತ ಮಾತು ಎಲ್ಲಿಗೋ ಹೋಗಿತ್ತು. ಬಂದದ್ದು ಇದು:

"ಇವರ ಬದಲು ಆರುಮುಗಂ ಅಣ್ಣ ಇಳಿದರು. ಇನ್ನೂ ಒಳಗಿದ್ದಾರೆ. ನಮ್ಮವರು ಉಳಿದರು ಅಂತ ಯಾರೂ ಸ್ತೋತ್ರ ಹೇಳಬೇಡಿ. ಅವರು ಇಳಿದರಲ್ಲ, ಅದಕ್ಕೆ ಹೇಳಿ."

ಕುಳಿತೆ. ಯಾರೂ ಆಮೆನ್ ಅನ್ನಲಿಲ್ಲ. ಅತ್ತೆ ಮುಖ ಆ ಕಡೆ ತಿರುಗಿಸಿದರು. ಆಫೀಸಿನ ಗುಮಾಸ್ತರು ಮುಂದಿನ ಬೆಂಚಿನಲ್ಲೇ ಇದ್ದರು.

ಪಾದ್ರಿ ಅಯ್ಯನವರು ಪುಸ್ತಕ ಮುಚ್ಚಿದರು. "ಉಳಿದ ಆರಾಧನೆ ಅಲ್ಲಿ" ಅಂದು ನಡೆದೇಬಿಟ್ಟರು, ಶಾಫ್ಟಿಗೆ. ಒಬ್ಬೊಬ್ಬರೇ ಹಿಂದೆ ಹೋದೆವು. ಹೊಸ ಬಟ್ಟೆಯಲ್ಲೇ.

ಅಕ್ಕ ಗೇಟಿನ ಹತ್ತಿರ ಮಣ್ಣಲ್ಲಿ ಕೂತಿದ್ದಳು. ಪಕ್ಕದಲ್ಲಿ ಕೂತೆ. ಸರಿದು ಕೂತಳು. ಹಾಡುವವರು ಕೈಕಟ್ಟಿಕೊಂಡು ನಿಂತರು. ಅಳುವವರ ಎದುರು ಹೇಗೆ ಹಾಡೋದು? ಮಧ್ಯಾಹ್ನ ದಾಟಿತು.

ಆಮೇಲೆ ಅಕ್ಕ ತಲೆ ಎತ್ತಿದಳು. "ಯಾಕ್ ನಿಂತಿದೀರ ಕಂಬ್ದಂಗೆ? ಪದ ಏಳ್ರಿ."

ಹಾಡುವವರು ಪಾದ್ರಿ ಅಯ್ಯನವರ ಕಡೆ ನೋಡಿದರು.

"ನೀವು ಪದ ಏಳ್ಲಿ ಅಂತಾನೇ ಅಲ್ವಾ ಅವ್ನು ಇಳ್ದಿದ್ದು? ಏಳ್ದೇ ಓದ್ರೆ ಅವ್ನು ಇಳ್ದಿದ್ದಕ್ಕೆ ಏನ್ ಬೆಲೆ? ಏಳ್ರೀ!"

ಹಾಡಿದರು. ಡೋಲಕ್ ಇಲ್ಲದೆ. ಮೊದಲು ಸಣ್ಣಗೆ, ಆಮೇಲೆ ದೊಡ್ಡದಾಗಿ. ನಾನೂ ಹಾಡಿದೆ. ಹೊಟ್ಟೆಯಲ್ಲಿ ಹೆದರಿಕೆ ಹಾಗೇ ಇತ್ತು. ಆದರೂ ಎದೆ ತುಂಬಿ ಬಂತು. ಸಂತೋಷವೇ ಅದು. ಬೇರೆ ಹೆಸರು ಗೊತ್ತಿಲ್ಲ. ಇಂಥ ದಿನ ಸಂತೋಷ ಬರಬಹುದೇ? ಬಂತು.

ಅಕ್ಕ ಸರಿದು ಕೂತಿದ್ದಳಲ್ಲ, ಮತ್ತೆ ಹತ್ತಿರ ಬರಲಿಲ್ಲ. ಆದರೆ ಕಾಲಿನಿಂದ ಹಾಡಿಗೆ ತಾಳ ಹಾಕುತ್ತಿದ್ದಳು.

೨೬, ಶುಕ್ರವಾರ, ಬೆಳಿಗ್ಗೆ

ಕೋದಂಡಪ್ಪ ಮೇಸ್ತ್ರಿ ಮೇಲೆ ಬಂದು ಹೇಳಿದರು. ಬಂಡೆಯ ಆಚೆಯಿಂದ ಗಾಳಿ ಪೈಪಿನ ಮೇಲೆ ಬಡಿತ ಕೇಳಿಸಿದೆ. ಬದುಕಿದ್ದಾರೆ! ಅಕ್ಕ ಮೇಸ್ತ್ರಿಯ ಕಾಲು ಹಿಡಿಯಲು ಹೋದಳು. "ನನ್ ಕಾಲ್ ಯಾಕಮ್ಮ ಇಡೀತೀಯ, ಆ ಮರ ಕಟ್ತಾವ್ನಲ್ಲ ಸಾಮು, ಅವಂದು ಇಡ್ಕೋ. ಮೇಲಕ್ಕೆ ಬಾರೋ ಅಂದ್ರೆ ಬತ್ತಿಲ್ಲ."

ಅದೇ ದಿನ, ಸಂಜೆ

ಬಡಿತ ನಿಂತಿದೆಯಂತೆ.

ಅಕ್ಕನಿಗೆ ಯಾರೂ ಹೇಳಿಲ್ಲ. ಈ ಸಲ ನಾನು ಮುಚ್ಚಿಡಲಿಲ್ಲ. ಹೋಗಿ ಹೇಳಿದೆ. "ಗೊತ್ತಾಯ್ತು, ನಿನ್ ಮುಖ ನೋಡ್ದಾಗ್ಲೇ" ಅಂದಳು. ನನ್ನ ಕೈ ಹಿಡಿದುಕೊಂಡಳು. ಬಿಟ್ಟಿಲ್ಲ. ಪುಸ್ತಕ ಮಡಿಲಲ್ಲಿಟ್ಟು ಒಂದೇ ಕೈಯಲ್ಲಿ ಬರೆ—

೨೭, ಶನಿವಾರ

ಬಂದರು.

ಮಧ್ಯಾಹ್ನ, ಆಳುಗಳನ್ನು ಮೇಲೆತ್ತುವ ಕೇಜಿನ ಗಂಟೆ ಹೊಡೆಯಿತು. ಮೊದಲು ಸ್ಟ್ರೆಚರ್. ಬಿಳಿ ಧೂಳು ಮೆತ್ತಿದ ಮುಖ, ಯಾರೆಂದು ಗುರುತೇ ಇಲ್ಲ. ಕಣ್ಣು ತೆರೆಯಿತು. ಬಲಗಾಲಿಗೆ ಬಟ್ಟೆ ಸುತ್ತಿದ್ದರು. ಹಿಂದೆ ಇವರು, ನಡೆಯಲಾಗದೆ ಇಬ್ಬರ ಹೆಗಲ ಮೇಲೆ.

ಅಕ್ಕ ಅಳಲಿಲ್ಲ. ಅಣ್ಣನ ಭುಜಕ್ಕೆ ಹೊಡೆಯತೊಡಗಿದಳು. "ರಜ ದಿನ ಇಳೀತೀಯಾ? ಇಳೀತೀಯಾ ಇನ್ನೊಂದ್ ಸತಿ?"

"ಒಡೀಬೇಡ್ವೇ, ಇದೊಂದೇ ಕಣೇ ನೋಯ್ದೆ ಇರೋದು." ಧ್ವನಿ ಗಾಳಿಯ ಹಾಗೆ. ಆಮೇಲೆ ನನ್ನನ್ನು ನೋಡಿದರು. "ತಂಗಚ್ಚಿ, ಕಜ್ಜಾಯ ಚೆನ್ನಾಗಿತ್ತು. ಇನ್ನೆರಡು ಕಟ್ಟಿದ್ರೆ ಇನ್ನೊಂದಿನ ಅಲ್ಲೇ ಇರ್ತಿದ್ದೆ."

ನಕ್ಕೆವೋ ಅತ್ತೆವೋ. ಇವರು ಮಾತ್ರ ನೆಲ ನೋಡುತ್ತಾ ನಿಂತಿದ್ದರು.

೩೦, ಮಂಗಳವಾರ

ಆಸ್ಪತ್ರೆಯಲ್ಲಿ ಅಣ್ಣನ ಕಾಲು ಮೊಣಕಾಲ ಕೆಳಗೆ ತೆಗೆದರು. ಜೀವಕ್ಕೆ ಭಯವಿಲ್ಲ ಅಂದಿದ್ದಾರೆ. ಎರಡು ದಿನ ಬರೆಯಲು ಆಗಲಿಲ್ಲ.

ಅತ್ತೆ ನನ್ನೊಡನೆ ಇನ್ನೂ ಮಾತಾಡಿಲ್ಲ. ಇವರನ್ನೂ ಮೇಸ್ತ್ರಿಯನ್ನೂ ಇವತ್ತು ಆಫೀಸಿಗೆ ಕರೆದಿದ್ದಾರೆ, ಟೋಕನ್ ವಿಚಾರಕ್ಕೆ. ಬೆಳಿಗ್ಗೆ ಹೋದವರು. ಕೆಲಸ ಇರುತ್ತದೋ ಇಲ್ಲವೋ.

ಅಕ್ಕ ಆಸ್ಪತ್ರೆಯಿಂದ ಬಂದು ನಮ್ಮ ಮೆಟ್ಟಿಲ ಮೇಲೆ ಕೂತಳು. "ಚರ್ಚಲ್ಲಿ ಎದ್ ನಿಂತು ಏಳ್ದಂತೆ? ಏನೇಳ್ದೆ?"

ಹೇಳಿದೆ. ಕೆನ್ನೆಗೆ ಕೈಯಿಟ್ಟಳು. "ಅಷ್ಟು ಮಾತು ಬತ್ತದಾ ನಿಂಗೆ! ಕೋಳಿ ಓಡ್ಸಕ್ಕೂ ಬಾಯಿಲ್ಲ ಅಂದ್ಕೊಂಡಿದ್ದೆ." ಆಮೇಲೆ, "ನಾನೂ ಏಳ್ಬೋದಾ? ನಮ್ ಗಂಗಮ್ಮಂಗೆ ಆಗ್ಲೇ ಏಳಿವ್ನಿ. ನಿಮ್ ಯೇಸಪ್ಪಂಗೂ ಒಂದು ಮಾತು."

"ಹೇಳಕ್ಕ."

ನಮ್ಮ ಹಾಗೆ ಸೆರಗು ತಲೆಗೆ ಹೊದ್ದಳು. ಕಣ್ಣು ಮಾತ್ರ ಮುಚ್ಚಲಿಲ್ಲ. ಆಕಾಶ ನೋಡಿಕೊಂಡೇ ಅಂದಳು: "ಏನಪ್ಪಾ, ಕಾಲ್ ತಕೊಂಡೆ. ಮನುಸನ್ನ ಬಿಟ್ಟೆ. ದೊಡ್ಡೋನು ಕಣಪ್ಪ ನೀನು. ಈಗ ಸಾಮು ಕೆಲ್ಸ ಒಂದು ನೋಡ್ಕೋ." ನನ್ನ ಕಡೆ ತಿರುಗಿದಳು. "ಇಷ್ಟು ಸಾಕೇನೇ?"

"ಸಾಕಕ್ಕ."

ಒಳಗೆ ಅತ್ತೆ "ಆಮೆನ್" ಅಂದದ್ದು ಕೇಳಿಸಿತು.

ಹೆದರಿಕೆ ಹೋಗಿಲ್ಲ. ಸಂತೋಷವೂ ಹೋಗಿಲ್ಲ. ಲೈನಿನ ಮನೆಗಳ ಹಾಗೆ ಎರಡೂ ಅಕ್ಕಪಕ್ಕ, ನಡುವೆ ಒಂದೇ ಗೋಡೆ. ಈ ಕಡೆ ಕೆಮ್ಮಿದರೆ ಆ ಕಡೆ ಕೇಳುತ್ತದೆ.

ಲೈನಿನ ಆ ತುದಿಯಲ್ಲಿ ಇವರು ಬರುತ್ತಿದ್ದಾರೆ. ಬಿಸಿಲಿಗೆ ಮುಖ ಕಾಣುತ್ತಿಲ್ಲ. ಅಕ್ಕ ಎದ್ದು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಾಳೆ. "ಬಾರೇ ಇಲ್ಲಿ, ಅವ್ನ ನಡಿಗೆ ನೋಡೇ—"