ಕಿಟಕಿಯಿಂದ ಬಂದ ದೊಡ್ಡಮ್ಮ

ಫಿಂಟನ್,

ನಾನು ಡ್ಯೂಟಿಗೆ ಹೊರಟೆ. ಇವತ್ತು ನಿನಗೆ ಒಂದೇ ಕೆಲಸ. ನಿನ್ನ ಅಟ್ರಾಕ್ಟಾ ದೊಡ್ಡಮ್ಮನನ್ನು ಅವರ ಮನೆಗೆ ಕಳಿಸಿಕೊಡು. ಕಿಟಕಿಯಿಂದ.

ಗೃಹಪ್ರವೇಶದ ದಿನ ಬೀಗದ ಕೈಯನ್ನು ಹಳೇ ಮನೆಯಲ್ಲೇ ಮರೆತು ಬಂದವನು ನೀನು. ಹೊಸ ಮನೆಗೆ ಅದೃಷ್ಟ ಬರಬೇಕಾದರೆ ಎಲ್ಲರಿಗಿಂತ ಮೊದಲು ಉಪ್ಪು, ಕಲ್ಲಿದ್ದಲು ಒಳಗೆ ಹೋಗಲೇಬೇಕು ಎಂದು ಅವೆರಡನ್ನೂ ಹಿಡಿದು ಅಡುಗೆಮನೆ ಕಿಟಕಿ ಹತ್ತಿಳಿದು, ಒಳಗಿನಿಂದ ನಮಗೆ ಬಾಗಿಲು ತೆಗೆದವರು ಅವರು. ಈಗ ಅದೇ ಬಾಗಿಲು ತೋರಿಸಿದರೆ, "ಬಂದ ದಾರೀಲೇ ಹೋಗ್ಬೇಕು ಕಣೇ ಗ್ರಾನ್ಯಾ, ಇಲ್ದಿದ್ರೆ ಈ ಮನೆ ಅದೃಷ್ಟ ನನ್ನ ಹಿಂದೇನೇ ಬಂದ್ಬಿಡತ್ತೆ" ಅನ್ನುತ್ತಾರೆ. ಆ ಕಿಟಕಿಯೋ, ನೀನು ಬಣ್ಣ ಬಳಿದ ಮೇಲೆ ಅಂಟಿಕೊಂಡು ಕೂತಿದೆ. ಅವರೂ ಹಾಗೆಯೇ.

ಅಂಚಿನ ಬಣ್ಣ ಕೆರೆದು ಕಿಟಕಿ ಬಿಡಿಸು. ನನ್ನ ಬ್ರೆಡ್ ಚಾಕು ಮುಟ್ಟಿದರೆ ನೋಡು. ಹೊರಗಡೆ ಪಕ್ಕದ ಮನೆ ಕೋಲ್ಮನ್‌ನ ಹುಲ್ಲಿನ ಪೆಂಡಿಗಳನ್ನು ಮೆಟ್ಟಿಲಿನ ಹಾಗೆ ಜೋಡಿಸು. ಬೇಕನ್, ಎಲೆಕೋಸು ಬೇಯಿಸಿಟ್ಟಿದ್ದೇನೆ. ಅವರು ಹೊರಗೆ ಇಳಿದ ಮೇಲೆ ಕೊಡು. ಮೊದಲೇ ಕೊಟ್ಟರೆ ಕಿಟಕಿ ಸಾಲುವುದಿಲ್ಲ.

ಮೆಲ್ಲಗೆ ಇಳಿಸು ಮಾರಾಯ, ಮೊಣಕಾಲು ನೋವು ಅವರಿಗೆ. ಪಾಪ, ನಮಗೆ ಒಳ್ಳೆಯದಾಗಲಿ ಅಂತಲೇ ಹತ್ತಿದ್ದು.

ಸಂಜೆ ನಾನು ಬಂದಾಗಲೂ ಅವರು ನನ್ನ ಕುರ್ಚಿಯಲ್ಲೇ ಕೂತಿದ್ದರೆ, ನಾನು ಅಮ್ಮನ ಮನೆಗೆ ಹೊರಟೆ ಅಂತಲೇ ತಿಳಿ. ಈ ಮನೆಗೆ ನಾನು ಬಂದದ್ದು ಮುಂಬಾಗಿಲಿನಿಂದ. ಹೋಗುವುದಕ್ಕೆ ನನಗೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ.

ಗ್ರಾನ್ಯಾ